ಲಿವರ್‌ಪೂಲ್ ಜೆರ್ಸಿ: ಯಾವುದನ್ನು ಕೊಳ್ಳುವುದು?

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಜೆರ್ಸಿ ಕೊಳ್ಳುವಾಗ ಆಟಗಾರರ ಮಾದರಿಯೋ ಅಭಿಮಾನಿಗಳ ಮಾದರಿಯೋ ಎಂದು ಕೇಳಿದ್ದೀರಿ. ಮೊದಲನೆಯದು ಸಾಕಷ್ಟು ದುಬಾರಿ. ಬಟ್ಟೆ ತೆಳು, ಹೊಲಿಗೆ ಮೈಗಂಟುವಂಥದ್ದು. ಹೊಟ್ಟೆ ಬಂದಿದ್ದರೆ ಮುಚ್ಚಿಡುವುದಿಲ್ಲ. ಲಾಂಛನವನ್ನು ಬಿಸಿ ಒತ್ತಿ ಅಂಟಿಸಿರುತ್ತಾರೆ, ಒರಟಾಗಿ ಒಗೆದರೆ ಅಂಚು ಏಳುತ್ತದೆ. ಎರಡನೆಯದರಲ್ಲಿ ಅಳತೆ ಸಡಿಲ, ಲಾಂಛನ ಹೊಲಿದದ್ದು. ವಾಷಿಂಗ್ ಮೆಷಿನ್‌ಗೆ ಅಷ್ಟು ಹೆದರಬೇಕಿಲ್ಲ. ಮೈದಾನದಲ್ಲಿ ಬೆವರು ಸುರಿಸುವವರಿಗೆ ಮೊದಲನೆಯದು, ಟಿವಿ ಮುಂದೆ ಕೂಗಾಡುವವರಿಗೆ ಎರಡನೆಯದು.

ಮೂರನೆಯ ದಾರಿಯೂ ಇದೆ. 2025ರ ಆಗಸ್ಟ್‌ನಲ್ಲಿ ಕ್ಲಬ್ ನೈಕಿಯನ್ನು ಬಿಟ್ಟು ಅಡಿಡಾಸ್‌ಗೆ ಮರಳಿತು. ಆದರೆ 2024-25ರ ಪ್ರೀಮಿಯರ್ ಲೀಗ್ ಗೆದ್ದದ್ದು ನೈಕಿ ಜೆರ್ಸಿಯಲ್ಲಿ! ಆ ಪ್ರಶಸ್ತಿಯ ನೆನಪು ಬೇಕಾದವರು ಹಳೆಯದನ್ನೇ ಹುಡುಕಲಿ. ನಕಲಿ ಮಾಲು ಬೇಕಾದಷ್ಟಿದೆ. ಜೆರ್ಸಿಯ ಒಳಗಿನ ಲೇಬಲ್‌ನಲ್ಲಿರುವ ಉತ್ಪನ್ನ ಸಂಖ್ಯೆಯನ್ನು ತಾಳೆ ನೋಡಿಯೇ ಹಣ ಕೊಡಿ.