ಬೀರುವಿನ ಕೀಲಿಕೈ ಯಾರ ಬಳಿ: ಮುಖ್ಯ ಶಿಕ್ಷಕರ ತಂತ್ರಜ್ಞಾನ ತರಬೇತಿಯ ವಿಮರ್ಶೆ

ಮೈಸೂರಿನ ಖಾಸಗಿ ಸಂಸ್ಥೆಯೊಂದು ಮುಖ್ಯ ಶಿಕ್ಷಕರಿಗೆಂದೇ ನಡೆಸುವ ಮೂರು ದಿನಗಳ ತಂತ್ರಜ್ಞಾನ ತರಬೇತಿಗೆ ಕಳೆದ ತಿಂಗಳು ಹೋಗಿದ್ದೆ. ಮಂಡ್ಯ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಹೊಣೆ ನನ್ನದು. ಊಟವೂ ಸೇರಿ ಶುಲ್ಕ 1,500 ರೂಪಾಯಿ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದಲ್ಲಿ ಶಿಕ್ಷಕರಿಗೆಂದು ನಡೆಯುವ ನಿಷ್ಠಾ ಕೋರ್ಸುಗಳ ಪ್ರಮಾಣಪತ್ರಗಳೇ ನನ್ನಲ್ಲಿ ಸಾಕಷ್ಟಿರುವುದರಿಂದ, ಇಲ್ಲಿ ಹೊಸದೇನು ಸಿಕ್ಕೀತು ಎಂಬ ಅನುಮಾನದಲ್ಲೇ ರೈಲು ಹತ್ತಿದ್ದೆ.

ಮೊದಲ ದಿನ ಆ ಅನುಮಾನ ಹುಸಿಯಾಗಲಿಲ್ಲ. ಹಾರ, ಶಾಲು, ಭಾಷಣಗಳಲ್ಲಿ ಹನ್ನೊಂದೂವರೆಯಾಯಿತು. ಬಳಿಕ ಕೃತಕ ಬುದ್ಧಿಮತ್ತೆಯಿಂದ ಪಾಠಯೋಜನೆ ಬರೆಸುವ ಪ್ರಾತ್ಯಕ್ಷಿಕೆ ಪೂರ್ತಿ ಇಂಗ್ಲಿಷಿನಲ್ಲೇ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಕೋಣೆಗೆ, ಅಂದರೆ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂರುವ ಕಡೆಗೆ, ಆ ಯೋಜನೆ ಹೇಗೆ ಒಗ್ಗುತ್ತದೆ ಎಂದು ಒಬ್ಬ ಮೇಡಂ ಕೇಳಿದಾಗ ಸಂಪನ್ಮೂಲ ವ್ಯಕ್ತಿಗಳು ಮುಂದಿನ ಸ್ಲೈಡಿಗೆ ಹೋದರು.

ಎರಡನೇ ದಿನ ಮಾತ್ರ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಪೆರು ದೇಶ ಹಳ್ಳಿಶಾಲೆಗಳ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದ್ದು, 319 ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಸುಧಾರಿಸಿದ ಪುರಾವೆ ಸಿಗದಿದ್ದುದು, ಇವನ್ನು ತಿಳಿಗನ್ನಡದಲ್ಲಿ ವಿವರಿಸಿದರು. ಆಮೇಲೆ ನಮ್ಮ ಕೈಗೇ ಹಾಳೆ ಕೊಟ್ಟು, ನಮ್ಮ ಶಾಲೆಯಲ್ಲಿರುವ ಒಂದೊಂದು ಉಪಕರಣದ ಎದುರು ಅದು ಕೊನೆಯದಾಗಿ ಬಳಕೆಯಾದದ್ದು ಯಾವಾಗ, ಕೆಟ್ಟರೆ ರಿಪೇರಿ ಯಾರು ಮಾಡಿಸಬೇಕು, ಹಣ ಯಾವ ಅನುದಾನದಿಂದ, ಅದನ್ನಿಟ್ಟ ಬೀರುವಿನ ಕೀಲಿ ಯಾರ ಬಳಿ ಎಂದು ಬರೆಯಿಸಿದರು. ನನ್ನ ಹಾಳೆ ನನಗೇ ನಾಚಿಕೆ ತರಿಸಿತು. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ಕೀಲಿ ನನ್ನ ಬಳಿಯೇ ಇದೆ, ಕಳೆದುಹೋದೀತೆಂಬ ಹೆದರಿಕೆಗೆ ಯಾರಿಗೂ ಕೊಟ್ಟಿಲ್ಲ. ಯಂತ್ರ ಕೊಳ್ಳುವ ಖರ್ಚು ಅದರ ಒಟ್ಟು ವೆಚ್ಚದಲ್ಲಿ ಕಾಲು ಭಾಗ, ಇಲ್ಲವೇ ಅದಕ್ಕೂ ಕಡಿಮೆ ಎಂದು ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ ಹೇಳುವುದು ಇಂಥ ಬ್ಯಾಟರಿಗಳನ್ನು ಕುರಿತೇ ಎಂದು ಆಗ ಅರ್ಥವಾಯಿತು. ಗುಂಡಿ ಒತ್ತುವುದನ್ನು ಯುವ ಶಿಕ್ಷಕರು ಹೇಗೂ ಕಲಿಯುತ್ತಾರೆ. ಏನನ್ನು ಕೊಳ್ಳಬಾರದು, ಇರುವುದನ್ನು ಯಾರ ಹೊಣೆಗೆ ಬಿಡಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ನಾವು.

ಮೂರನೇ ದಿನ, ಮಕ್ಕಳ ಫೋಟೊ ಮತ್ತು ಆಧಾರ್ ವಿವರಗಳನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವ ನಮ್ಮ ಚಾಳಿಯನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬೆಳಕಿನಲ್ಲಿ ಚರ್ಚಿಸಲಾಯಿತು. ವಿಷಯ ತೂಕದ್ದು, ಸಮಯ ಮಾತ್ರ ಮುಕ್ಕಾಲು ಗಂಟೆ.

ಕೊರತೆಗಳಲ್ಲಿ ದೊಡ್ಡದು, ತರಬೇತಿ ಮುಗಿದ ಮೇಲೆ ವಿಚಾರಿಸುವವರು ಯಾರೂ ಇಲ್ಲದಿರುವುದು. ಗುಮಾಸ್ತರಿಲ್ಲದ ಶಾಲೆಯಲ್ಲಿ ಮಕ್ಕಳ ವಿವರಗಳನ್ನು ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನ ನಮೂದು, ಬಿಸಿಯೂಟದ ಲೆಕ್ಕ, ತರಗತಿ ಪಾಠ ಎಲ್ಲವನ್ನೂ ನಿಭಾಯಿಸುವ ಮುಖ್ಯ ಶಿಕ್ಷಕರಿಗೆ ಯೋಜನೆ ರೂಪಿಸುವ ಬಿಡುವು ಎಲ್ಲಿಂದ ಬರಬೇಕು ಎಂಬುದನ್ನು ಯಾರೂ ಮುಟ್ಟಲಿಲ್ಲ. ಎರಡನೆಯದು, ಊಟದ ಸಾಲಿನ ಪಕ್ಕದಲ್ಲೇ ಸ್ಮಾರ್ಟ್ ಬೋರ್ಡ್ ಮಾರುವವರಿಗೆ ಮಳಿಗೆ ಕೊಟ್ಟದ್ದು. ಆಯೋಜಕರಿಗೆ ಇದು ಶೋಭೆಯಲ್ಲ. ಮೊದಲ ದಿನ ಅಲ್ಲಿ ಬೆಲೆಪಟ್ಟಿಗೆ ನೂಕುನುಗ್ಗಲಿತ್ತು. ಮೂರನೇ ದಿನ ನಮ್ಮಲ್ಲೊಬ್ಬರು, ವಾರಂಟಿ ಮುಗಿದ ಮೇಲೆ ರಿಪೇರಿಗೆ ನಮ್ಮೂರಿಗೆ ಯಾರು ಬರುತ್ತಾರೆ ಸ್ವಾಮಿ ಎಂದು ಕೇಳಿದರು. ಮಾರಾಟದ ಹುಡುಗ ಕಚೇರಿಗೆ ಫೋನು ಮಾಡಲು ಹೊರಗೆ ಹೋದ.