ಜೆರಾಕ್ಸ್ ಮ್ಯಾನ್ಯುಯಲ್ ನಂಬಿ ಬೋರ್ಡ್ ಸುಟ್ಟುಕೊಂಡೆ

ಹಳೆಯ ಪಿನ್‌ಬಾಲ್ ಮಷಿನ್ (ಗಾಜಿನ ಕೆಳಗೆ ಉಕ್ಕಿನ ಗುಂಡು ಓಡಿಸಿ ಸ್ಕೋರ್ ಮಾಡುವ ಆಟದ ಯಂತ್ರ) ತಂದು ತಾವೇ ರಿಪೇರಿ ಮಾಡುವ ಹುಚ್ಚು ಇರುವವರು ದಯವಿಟ್ಟು ಓದಿ. ಮ್ಯಾನ್ಯುಯಲ್‌ಗೆ ದುಡ್ಡು ಕಟ್ಟುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು. ನಾನು 55 ಡಾಲರ್ ಕೊಟ್ಟು ತರಿಸಿದ ಪುಸ್ತಕದಿಂದ ಆಮೇಲೆ 240 ಡಾಲರ್ ಕೈಬಿಟ್ಟಿತು. ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನೂ ಹೇಳುತ್ತೇನೆ.

ನಾನಿರುವುದು ಶಿಕಾಗೋ ಪಕ್ಕದ ಒಂದು ಊರಲ್ಲಿ. ಪಿನ್‌ಬಾಲ್‌ಗೆ ಇದು ತವರುಮನೆ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಲ್ಲವೂ ಇಲ್ಲೇ ಬೆಳೆದ ಕಂಪನಿಗಳು. ಹಾಗಾಗಿ ಇಲ್ಲಿನ ಬೇಸ್‌ಮೆಂಟ್‌ಗಳಲ್ಲಿ ಹಳೆಯ ಮಷಿನ್‌ಗಳು ಧೂಳು ಹೊದ್ದು ಕೂತಿರುತ್ತವೆ. ನನಗೆ ಸಿಕ್ಕಿದ್ದು ಬ್ಯಾಲಿಯ 'ಏಯ್ಟ್ ಬಾಲ್', 1977ರದ್ದು. 20,000ಕ್ಕೂ ಜಾಸ್ತಿ ತಯಾರಾದ ಮಷಿನ್. ಬಿಡಿಭಾಗ ಹುಡುಕಲು ಕಷ್ಟವಿಲ್ಲ ಎಂಬ ಧೈರ್ಯದಲ್ಲಿ ತಂದೆ.

ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಆನ್ ಮಾಡಿದರೆ ಮುಖ್ಯ ಬೋರ್ಡಿನ ಪುಟ್ಟ ಕೆಂಪು ದೀಪ ಏಳು ಸಲ ಮಿನುಗುತ್ತಿತ್ತು. ಆ ಕಾಲದ ಬ್ಯಾಲಿಯಲ್ಲಿ ಏಳು ಮಿನುಗು ಎಂದರೆ ಬೋರ್ಡ್ ತನ್ನ ಪರೀಕ್ಷೆಯಲ್ಲಿ ಪಾಸು. ಗುಂಡು ಹೊಡೆಯುವ ಫ್ಲಿಪ್ಪರ್ ಸರಿ, ಅದನ್ನು ಚಿಮ್ಮಿಸುವ ಬಂಪರ್ ಸರಿ. ಸ್ಕೋರ್ ತೋರಿಸುವ ಡಿಸ್‌ಪ್ಲೇಗಳು ಮಾತ್ರ ಪೂರ್ತಿ ಕತ್ತಲೆ. ತೆರೆದು ನೋಡಿದರೆ ಸಾಲೆನಾಯ್ಡ್ ಡ್ರೈವರ್ ಬೋರ್ಡಿನಲ್ಲಿ (ಬಂಪರ್‌ನಂಥವನ್ನು ಒದೆಸುವ, ಡಿಸ್‌ಪ್ಲೇಗೂ ವೋಲ್ಟ್ ಕೊಡುವ ಬೋರ್ಡ್) ಫ್ಯೂಸ್ ಇರಬೇಕಾದ ಕ್ಲಿಪ್ ಖಾಲಿ. ಹಿಂದಿನ ಮಾಲೀಕ ಕಿತ್ತಿಟ್ಟಿದ್ದ. ಅವನು ಯಾಕೆ ಕಿತ್ತ ಎಂದು ನಾನು ಅಲ್ಲೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಪಕ್ಕದ ಬರಹವೂ ಹಳೆಯ ಮಸಿಯಲ್ಲಿ ಮುಚ್ಚಿಹೋಗಿತ್ತು. ಎಷ್ಟು ಆಂಪ್ ಫ್ಯೂಸ್ ಎಂದು ತಿಳಿಯಲು ಸರ್ಕಿಟ್ ಚಿತ್ರ ಬೇಕೇ ಬೇಕು.

ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ 'ಚಿತ್ರಗಳ ಸಮೇತ ಪೂರ್ತಿ ಮ್ಯಾನ್ಯುಯಲ್' ಎಂದು ಹಾಕಿದ್ದ. ಮುಖಪುಟದ ಫೋಟೋ ಒಂದೇ. ಅದು ನೋಡಲು ಅಸಲಿಯಂತೆಯೇ ಇತ್ತು. ಮನೆಗೆ ಬಂದದ್ದು ನಮ್ಮೂರ ಕಾಲೇಜಿನ ಎದುರು ಸಿಗುವ ನೋಟ್ಸ್‌ನಂಥ ಸ್ಪೈರಲ್ ಬೈಂಡಿಂಗ್ ಜೆರಾಕ್ಸ್. ಅದೂ ಸ್ಕ್ಯಾನಿನ ಜೆರಾಕ್ಸ್. ಇಷ್ಟಾದರೂ ಸಹಿಸಬಹುದಿತ್ತು. ಅಸಲಿಯಲ್ಲಿ ಮಡಚಿಟ್ಟ ದೊಡ್ಡ ಹಾಳೆಗಳಲ್ಲಿರುವ ಸರ್ಕಿಟ್ ಚಿತ್ರಗಳನ್ನು ಇವನು ಸುಮ್ನೆ ಮಾಮೂಲಿ ಕಾಗದಕ್ಕೆ ಕುಗ್ಗಿಸಿದ್ದ. ತಂತಿಗಳ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಷರಗಳು ಇರುವೆ ಸಾಲು. ಭೂತಗನ್ನಡಿ ಹಿಡಿದು ನೋಡಿದರೆ ದೊಡ್ಡ ಮಸಿ ಕಾಣುತ್ತಿತ್ತು, ಅಷ್ಟೇ.

ಆ ಮಸಿಯಲ್ಲಿ ಫ್ಯೂಸ್ ಗುರುತಿನ ಹತ್ತಿರ ನನಗೆ ಓದಲು ಬಂದದ್ದು '3'. ಅದರ ಪಕ್ಕ ಏನೋ ಕಲೆ, ಆಮೇಲೆ 'ಆಂಪ್'. ಮೂರು ಆಂಪ್ ಫ್ಯೂಸ್ ಡ್ರಾಯರ್‌ನಲ್ಲೇ ಇತ್ತು. ಹಾಕಿದೆ.

ಅಲ್ಲಿ ನಿಜಕ್ಕೂ ಇದ್ದದ್ದು 3/16 ಆಂಪ್. ನಮ್ಮಜ್ಜನ ಲೆಕ್ಕದಲ್ಲಿ ಹೇಳುವುದಾದರೆ ಮೂರು ವೀಸ, ಅಂದರೆ ಒಂದು ಆಂಪಿನ ಹದಿನಾರರಲ್ಲಿ ಮೂರು ಪಾಲು. ನಾನು ಹಾಕಿದ್ದು ಅದರ ಹದಿನಾರು ಪಟ್ಟು.

ಇದು ಯಾಕೆ ಇಷ್ಟು ಕೆಟ್ಟದ್ದು ಅಂದರೆ, ಆ ಹಳೆಯ ಡಿಸ್‌ಪ್ಲೇಗಳ ಗಾಜಿನೊಳಗೆ ಅನಿಲ ಹೊಳೆಯುತ್ತದೆ. ಅದಕ್ಕೆ ಸುಮಾರು 190 ವೋಲ್ಟ್ ಬೇಕು. ವೋಲ್ಟ್ ಜಾಸ್ತಿ, ಕರೆಂಟ್ ತೀರಾ ಕಮ್ಮಿ. ಅದಕ್ಕೇ ಫ್ಯೂಸ್ ಅಷ್ಟು ಸಣ್ಣದು. ಇದಕ್ಕಿಂತ ಹಿಂದೆ, ಕರೆಂಟ್ ಬರುವ ದಾರಿಯಲ್ಲಿ, ಇನ್ನೊಂದು ಮುಕ್ಕಾಲು ಆಂಪ್ ಫ್ಯೂಸ್ ಇದೆ. ಆದರೆ ಅರ್ಧ ಆಂಪ್ ಹರಿದರೆ ಅದು ಅಲ್ಲಾಡುವುದೂ ಇಲ್ಲ. ಇನ್ನೂರು ಚಿಲ್ಲರೆ ವೋಲ್ಟಿನಲ್ಲಿ ಅರ್ಧ ಆಂಪ್ ಎಂದರೆ ನೂರು ವ್ಯಾಟ್. ಒಂದು ಹಳೆಯ ಬಲ್ಬಿನಷ್ಟು ಶಾಖ, ಬೆರಳಗಲದ ಜಾಗದಲ್ಲಿ.

ಡಿಸ್‌ಪ್ಲೇ ಹತ್ತು ಸೆಕೆಂಡ್ ಹೊತ್ತಿಕೊಂಡಿತು. ನಾನು ಖುಷಿಯಲ್ಲಿ ಹೆಂಡತಿಯನ್ನು ಕೂಗಿದೆ. ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ವಾಸನೆ ಬಂದಿತ್ತು. ವೋಲ್ಟೇಜ್ ಹಿಡಿತದಲ್ಲಿಡುವ ಟ್ರಾನ್ಸಿಸ್ಟರ್ ಮೊದಲೇ ಶಾರ್ಟ್ ಆಗಿತ್ತು. ಹಿಂದಿನವನು ಫ್ಯೂಸ್ ಕಿತ್ತದ್ದು ಬಹುಶಃ ಇದಕ್ಕೇ. ಸರಿಯಾದ ಫ್ಯೂಸ್ ಆಗಿದ್ದರೆ ಟಪ್ ಎಂದು ಹಾರಿ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಮೂರು ಆಂಪ್ ಮಹಾಶಯ ತಣ್ಣಗೆ ಕೂತಿದ್ದ. ರೆಸಿಸ್ಟರ್‌ಗಳು ಸುಟ್ಟವು, ಬೋರ್ಡಿನ ತಾಮ್ರದ ಗೆರೆ ಎದ್ದು ಬಂತು, ಒಂದು ಡಿಸ್‌ಪ್ಲೇ ಸತ್ತೇಹೋಯಿತು.

ಮಾರಾಟಗಾರನಿಗೆ ಬರೆದೆ. 'ಮರುಮುದ್ರಣ ಅಂತ ಕೆಳಗೆ ಬರೆದಿದ್ದೇನಲ್ಲ, ನೀವು ಓದಬೇಕಿತ್ತು' ಎಂದ. ನೋಡಿದರೆ ಹೌದು, ಕಟ್ಟಕಡೆಯ ಸಾಲಿನಲ್ಲಿತ್ತು. ವಾಪಸು ಮಾಡುವ ಗಡುವೂ ದಾಟಿತ್ತು.

ಇನ್ನೂ ಹೊಟ್ಟೆ ಉರಿಸಿದ ವಿಷಯ ಬೇರೆ. ಪಿನ್‌ಬಾಲ್ ಮಷಿನ್‌ಗಳ ಆನ್‌ಲೈನ್ ದಾಖಲೆಕೋಶ ಐಪಿಡಿಬಿಯಲ್ಲಿ ಬ್ಯಾಲಿಯ ಎಷ್ಟೋ ಮ್ಯಾನ್ಯುಯಲ್‌ಗಳು ಪುಕ್ಕಟೆ ಸಿಗುತ್ತವೆ. ಅಲ್ಲಿನ ಫೈಲನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದ ಕೂಡಲೇ 3ರ ಪಕ್ಕದ ಆ ಓರೆಗೆರೆ, ಆ 16 ಎರಡೂ ಸಲೀಸಾಗಿ ಕಂಡವು. ಬಿಟ್ಟಿ ಸಿಗುವುದನ್ನು ಕೆಡಿಸಿಕೊಡಲು ನಾನು 55 ಡಾಲರ್ ಕೊಟ್ಟಿದ್ದೆ!

ಗಾಟ್ಲೀಬ್ ಮಷಿನ್ ಇರುವವರ ಪಾಡು ಬೇರೆ. ಹಕ್ಕಿನ ಕಾರಣಕ್ಕೆ ಅದರ ಮ್ಯಾನ್ಯುಯಲ್‌ಗಳು ಅಲ್ಲಿ ಇಲ್ಲ, ಪರವಾನಗಿ ಪಡೆದವರಿಂದ ಕೊಳ್ಳಬೇಕು. ಯಾರಿಂದ ಕೊಂಡರೂ ಮುಖಪುಟದ ಫೋಟೋ ನೋಡಿ ಮರುಳಾಗಬೇಡಿ. ಸರ್ಕಿಟ್ ಹಾಳೆಯನ್ನು ಪೂರ್ತಿ ಬಿಡಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ಕೇಳಿ. ಫ್ಯೂಸ್‌ಗಳ ಜಾಗವನ್ನು ಹತ್ತಿರದಿಂದ ತೋರಿಸಲು ಹೇಳಿ. ಕೊಡಲು ಗೊಣಗಿದರೆ ಬಿಟ್ಟುಬಿಡಿ. ಬೋರ್ಡಿನ ನಂಬರ್ ಕೂಡ ತಾಳೆ ನೋಡಿ, ನನ್ನ ಡ್ರೈವರ್ ಬೋರ್ಡಿನದು ಎಎಸ್-2518-22.

ಸ್ಟರ್ನ್ ಎಲೆಕ್ಟ್ರಾನಿಕ್ಸ್‌ನ 70ರ ದಶಕದ ಕೊನೆಯ ಮಷಿನ್ ಇರುವವರಿಗೂ ಇದೇ ಮಾತು, ಆ ಬೋರ್ಡ್‌ಗಳು ಹೆಚ್ಚುಕಮ್ಮಿ ಬ್ಯಾಲಿಯವೇ. ಮೊದಲು ಪ್ಲಗ್ ಕೀಳಿ. ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದು ಇಳಿಯಲು ಬಿಟ್ಟು ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಡ್ರೈವರ್ ಬೋರ್ಡಿನ ಆ ಫ್ಯೂಸ್ ತೆಗೆದು ಅದರ ಲೋಹದ ಟೋಪಿಯ ಮೇಲೆ ಏನು ಕೊರೆದಿದೆ ನೋಡಿ. ಹಿಂದಿನ ಮಾಲೀಕರ ಕೈಯಲ್ಲೂ ಇಂಥದೇ ಒಂದು ಜೆರಾಕ್ಸ್ ಇದ್ದಿರಬಹುದು, ಅಲ್ವಾ?