ಲಿಮಿಟ್, ಡೆರಿವೇಟಿವ್ ಲೆಕ್ಕಗಳಿಗೆ ‘ಡೌಟ್ ಸಾಲ್ವಿಂಗ್’ ಪ್ಯಾಕೇಜು ಕೊಳ್ಳುವ ಮುನ್ನ

ಮಕ್ಕಳನ್ನು ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಿಸಿರುವ ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗ ಪೋಷಕರು, ಕ್ಯಾಲ್ಕುಲಸ್ ಕಲಿಸುತ್ತೇವೆಂದು ಫೋನಿನಲ್ಲಿ ಮಾರುವ ‘ಡೌಟ್ ಸಾಲ್ವಿಂಗ್’ ಪ್ಯಾಕೇಜುಗಳಿಗೆ ಹಣ ಕಟ್ಟುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ನಮ್ಮ ದೂರು ಇನ್ನೂ ಇತ್ಯರ್ಥವಾಗಿಲ್ಲ, ಜೊತೆಗೆ ಈ ವ್ಯಾಪಾರ ಮಾಡುವವರು ಅವರೊಬ್ಬರೇ ಅಲ್ಲ.

ನನ್ನ ಅಕ್ಕನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಹಾಗೆ ಓದಿ ಇಲ್ಲಿನ ಜೂನಿಯರ್ ಕಾಲೇಜಿಗೆ ಹೋಗುವ ಮಕ್ಕಳಿಗೆ ಗಣಿತಕ್ಕಿಂತ ಮೊದಲು ಇಂಗ್ಲಿಷ್ ಎದುರಾಗುತ್ತದೆ, ಅದು ಹಿಡಿತಕ್ಕೆ ಬರುವಷ್ಟರಲ್ಲಿ ಕ್ಯಾಲ್ಕುಲಸ್ಸಿನ ಮೊದಲ ಮೆಟ್ಟಿಲಾದ ಲಿಮಿಟ್ (ಎಕ್ಸ್ ಒಂದು ಸಂಖ್ಯೆಯನ್ನು ಸಮೀಪಿಸಿದಂತೆ ಲೆಕ್ಕದ ಬೆಲೆ ಯಾವ ಸಂಖ್ಯೆಯತ್ತ ಸಾಗುತ್ತದೆ ಎಂಬ) ಪಾಠ ಮುಗಿದೇ ಹೋಗಿರುತ್ತದೆ. ಇದನ್ನು ಚೆನ್ನಾಗಿ ಬಲ್ಲ ಪ್ರತಿನಿಧಿಯೊಬ್ಬ ಭಾವನಿಗೆ ಫೋನ್ ಮಾಡಿ, “ಅಣ್ಣಾ, ನಾವೂ ಊರ ಕಡೆಯವರೇ, ಎಲ್ಲವನ್ನೂ ಕನ್ನಡದಲ್ಲೇ ಹೇಳಿಕೊಡುತ್ತೇವೆ, ಲೆಕ್ಕದ ಫೋಟೊ ಕಳಿಸಿದರೆ ಸಾಕು” ಎಂದ. ಠಾಣೆಯಲ್ಲಿ ಕ್ಯಾಂಟೀನ್ ನಡೆಸುವ ಭಾವ ಬೆಳಗಿನ ಗಿರಾಕಿಗಳ ಗಡಿಬಿಡಿಯಲ್ಲಿದ್ದಾಗಲೇ, ಪ್ರವೇಶ ಖಚಿತಪಡಿಸಲೆಂದು ಹೇಳಿ ಒಟಿಪಿಯನ್ನೂ ಕೇಳಿ ಪಡೆದ. ಅದರ ವಿಷಯ ಮುಂದೆ ಬರುತ್ತದೆ.

ಫೋಟೊ ಕಳಿಸಿದ ಕೂಡಲೇ ಉತ್ತರ ಬರುತ್ತಿತ್ತು, ಸುಳ್ಳಲ್ಲ. ಆದರೆ ಬರುತ್ತಿದ್ದದ್ದು ಉತ್ತರ ಮಾತ್ರ. ಎಕ್ಸ್ ಸೊನ್ನೆಯನ್ನು ಸಮೀಪಿಸುವಾಗ ಸೈನ್ ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಿದರೆ ಬರುವ ಲಿಮಿಟ್ ಏಕೆ 1 ಎಂದು ಹುಡುಗಿ ಕೇಳಿದ್ದಳು. ‘ಲಾಪಿಟಾಲ್ ನಿಯಮ ಹಾಕಿ, ಮೇಲೂ ಕೆಳಗೂ ಡಿಫರೆನ್ಷಿಯೇಟ್ ಮಾಡಿ, ಉತ್ತರ 1’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಆ ನಿಯಮದಲ್ಲಿ ಅಂಶ, ಛೇದಗಳ ಬದಲು ಅವುಗಳ ಡೆರಿವೇಟಿವ್ (ಬದಲಾಗುವ ದರ, ಅಂದರೆ ಗ್ರಾಫಿನ ಇಳಿಜಾರು) ಇಟ್ಟು ಲಿಮಿಟ್ ನೋಡುತ್ತಾರೆ. ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್ ಎಂದು ಸಾಧಿಸುವುದಕ್ಕೇ ಈ ಲಿಮಿಟ್ ಬೇಕು. ಹಾಗಿರುವಾಗ ಆ ಡೆರಿವೇಟಿವ್ ಹಿಡಿದು ಲಿಮಿಟ್ ಸಾಧಿಸಿದರೆ ಏನನ್ನೂ ಸಾಧಿಸಿದಂತಾಗುವುದಿಲ್ಲ. ಅಲ್ಲದೆ ಪಠ್ಯಪುಸ್ತಕದಲ್ಲಿ ಮೊದಲು ಲಿಮಿಟ್, ಆಮೇಲೆ ಡಿಫರೆನ್ಷಿಯೇಷನ್ ಬರುವುದರಿಂದ, ಇನ್ನೂ ಡೆರಿವೇಟಿವ್ ಎಂದರೇನೆಂದೇ ತಿಳಿಯದ ಹುಡುಗಿಗೆ ಈ ವಿವರಣೆ ಯಾವ ಉಪಯೋಗಕ್ಕೂ ಬರಲಿಲ್ಲ. ಯೂನಿಟ್ ಸರ್ಕಲ್ ಬರೆದು, ಎರಡು ತ್ರಿಕೋನಗಳ ವಿಸ್ತೀರ್ಣದ ನಡುವೆ ತ್ರಿಜ್ಯಾಂತರ ಖಂಡದ (ಸೆಕ್ಟರ್) ವಿಸ್ತೀರ್ಣ ಸಿಕ್ಕಿಕೊಳ್ಳುವುದನ್ನು ತೋರಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಅಲ್ಲಿ ಯಾರೂ ಕೊಡಲಿಲ್ಲ.

ಅದೇ ಲೆಕ್ಕವನ್ನು ಅವಳು ತಾನೇ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷಿಸಿ ನೋಡಿದಳು. ಎಕ್ಸ್‌ಗೆ 0.1 ಹಾಕಿದರೆ 1ರ ಹತ್ತಿರ ಬರುವ ಬದಲು 0.01745 ಬಂತು. ಕಾರಣ ಕೇಳಿದ್ದಕ್ಕೆ ‘ಕ್ಯಾಲ್ಕುಲೇಟರ್ ದೋಷ, ಗಮನಿಸಬೇಡಿ’ ಎಂಬ ಉತ್ತರ ಬಂತು. ಅದು ದೋಷವಲ್ಲ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು, ಆ ಸಂಖ್ಯೆ ಪೈ ಅನ್ನು 180ರಿಂದ ಭಾಗಿಸಿದಾಗ ಬರುವ ಸಂಖ್ಯೆ. ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಿಸಿದೊಡನೆ 0.9983 ಬಂತು. ಕ್ಯಾಲ್ಕುಲಸ್‌ನಲ್ಲಿ ಕೋನವನ್ನು ರೇಡಿಯನ್‌ನಲ್ಲೇ ಅಳೆಯುವುದೇಕೆ ಎಂಬುದನ್ನು ಮಗುವೊಂದು ತಾನಾಗಿಯೇ ಕಂಡುಕೊಳ್ಳುವ ಹೊಸ್ತಿಲಲ್ಲಿತ್ತು. ಆ ಬಾಗಿಲನ್ನು ಇವರು ಮುಚ್ಚಿದರು. ನನಗೆ ಹಣಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇಲ್ಲಿ.

ಮುಂದೆ ಉತ್ತರಗಳೇ ತಪ್ಪತೊಡಗಿದವು. ಎಕ್ಸ್ 1ನ್ನು ಸಮೀಪಿಸುವಾಗ, ಎಕ್ಸ್ ವರ್ಗಕ್ಕೆ 5 ಕೂಡಿಸಿದ್ದನ್ನು ಎಕ್ಸ್‌ಗೆ 1 ಕೂಡಿಸಿದ್ದರಿಂದ ಭಾಗಿಸುವ ಲೆಕ್ಕ: ಎಕ್ಸ್ ಇದ್ದಲ್ಲಿ 1 ಹಾಕಿದರೆ 6 ಭಾಗಿಸು 2, ಅಂದರೆ 3, ಅಷ್ಟೇ. ಇವರು ಇಲ್ಲಿಯೂ ಅದೇ ನಿಯಮ ಹಾಕಿ 2 ಎಂದು ಕಳಿಸಿದರು. ಅಂಶವೂ ಛೇದವೂ ಒಟ್ಟಿಗೆ ಸೊನ್ನೆಯತ್ತ ಅಥವಾ ಒಟ್ಟಿಗೆ ಅನಂತದತ್ತ ಸಾಗಿದರಷ್ಟೇ ಆ ನಿಯಮ ಅನ್ವಯವಾಗುತ್ತದೆಂಬುದನ್ನು ನೋಡುವ ವ್ಯವಧಾನವೇ ಅವರಿಗಿರಲಿಲ್ಲ. ಎಕ್ಸ್‌ನ ಘಾತವೂ ಎಕ್ಸ್ ಆಗಿರುವ ಲೆಕ್ಕಕ್ಕಂತೂ, ಘಾತ ಸ್ಥಿರಸಂಖ್ಯೆಯಾಗಿದ್ದಾಗ ಬಳಸುವ ಸೂತ್ರವನ್ನೇ ಹಾಕಿಬಿಟ್ಟರು. ಅಂದಹಾಗೆ ಆ ನಿಯಮಕ್ಕೆ ಹೆಸರು ಕೊಟ್ಟ ಫ್ರೆಂಚ್ ಗಣಿತಜ್ಞ ಲಾಪಿಟಾಲ್ ಕೂಡ ಕೊಂಡವನೇ: ಸ್ವಿಸ್ ಗಣಿತಜ್ಞ ಯೋಹಾನ್ ಬರ್ನೂಲಿಗೆ ವರ್ಷಕ್ಕೆ ಇಷ್ಟೆಂದು ಹಣ ಕೊಡುವ ಒಪ್ಪಂದವನ್ನು 1694ರಲ್ಲಿ ಮಾಡಿಕೊಂಡು, ಅವನಿಂದ ಪಡೆದ ಈ ನಿಯಮವನ್ನು 1696ರಲ್ಲಿ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಅವನ ಹಣಕ್ಕೆ ಸರಿಯಾದ ಸರಕಾದರೂ ಸಿಕ್ಕಿತ್ತು.

ಆಕ್ಷೇಪಿಸಿದಾಗ ಅವರು ಕೊಟ್ಟ ಸಮಜಾಯಿಷಿ ಎಮ್‌ಎಚ್‌ಟಿ-ಸಿಇಟಿಯದು. ಎಂಜಿನಿಯರಿಂಗ್ ಮುಂತಾದ ಕೋರ್ಸುಗಳಿಗೆ ಮಹಾರಾಷ್ಟ್ರ ನಡೆಸುವ ಆ ಪ್ರವೇಶ ಪರೀಕ್ಷೆಯಲ್ಲಿ ಗಣಿತದ 50 ಪ್ರಶ್ನೆಗಳಿಗೆ 90 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಂತಗಳನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಅಡ್ಡದಾರಿ ಬಲ್ಲವರಿಗೆ ಅನುಕೂಲವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹನ್ನೆರಡರ ಬೋರ್ಡ್ ಪರೀಕ್ಷೆಯ 80 ಅಂಕಗಳ ಲಿಖಿತ ಪತ್ರಿಕೆಯಲ್ಲಿ ಹಂತಕ್ಕೆ ಅಂಕವಿದೆ, ಮತ್ತು ಹನ್ನೊಂದರಲ್ಲಿ ‘ಫಸ್ಟ್ ಪ್ರಿನ್ಸಿಪಲ್’ನಿಂದ, ಅಂದರೆ ಲಿಮಿಟ್ ಬಳಸಿ ಮೂಲ ವ್ಯಾಖ್ಯೆಯಿಂದಲೇ, ಡೆರಿವೇಟಿವ್ ಕಂಡುಹಿಡಿಯಿರಿ ಎಂದು ಕೇಳಿದಾಗ ಸೂತ್ರದಿಂದ ಉತ್ತರ ಬರೆದಿಟ್ಟರೆ ಪ್ರಶ್ನೆಯನ್ನೇ ಬಿಟ್ಟಂತೆ. ಕಾಲೇಜಿನ ಯೂನಿಟ್ ಟೆಸ್ಟಿನಲ್ಲಿ ಇದೇ ಆಯಿತು.

ಇನ್ನು ಹಣದ ಮಾತು. ಭಾವ ತಿಂಗಳ ಕಂತೆಂದು ತಿಳಿದಿದ್ದದ್ದು ಶುಲ್ಕದ ಕಂತಾಗಿರಲಿಲ್ಲ. ಒಟಿಪಿಯ ಬಲದಿಂದ ಭಾವನ ಹೆಸರಿನಲ್ಲಿ ಒಂದು ಹಣಕಾಸು ಕಂಪನಿಯಿಂದ ಸಾಲ ಎತ್ತಿ, ವರ್ಷದ ಶುಲ್ಕವನ್ನು ಸಂಸ್ಥೆ ಮೊದಲೇ ಪಡೆದುಕೊಂಡಿತ್ತು. ತರಗತಿ ಬೇಡವೆಂದರೂ ಬ್ಯಾಂಕ್ ಖಾತೆಯಿಂದ ಕಂತು ಕಡಿತವಾಗುತ್ತಲೇ ಇರುತ್ತದೆ, ನಿಲ್ಲಿಸಿದರೆ, ಸಾಲ ಕೊಡುವವರು ನೋಡುವ ಸಿಬಿಲ್ ಅಂಕ ಕೆಡುತ್ತದೆ. ಕೋರ್ಸನ್ನು ಮಧ್ಯದಲ್ಲಿ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಮರಳಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿದೆ. ಅದನ್ನು ತೋರಿಸಿದರೆ, “ಸರ್, ನಮ್ಮದು ಆ್ಯಪ್, ಕೋಚಿಂಗ್ ಕ್ಲಾಸ್ ಅಲ್ಲ” ಎಂಬ ಉತ್ತರ. ಆಗ ಊರಿನ ನೆಂಟಸ್ತಿಕೆಯೂ ಇರಲಿಲ್ಲ, ಕನ್ನಡವೂ ಇರಲಿಲ್ಲ, ಬರೀ ಹಿಂದಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಫೋನ್ ಕರೆಗಳ ದಿನಾಂಕ, ಬಂದ ಎಸ್‌ಎಮ್‌ಎಸ್‌ಗಳು, ತಪ್ಪು ಉತ್ತರಗಳ ಸ್ಕ್ರೀನ್‌ಶಾಟ್‌ಗಳನ್ನು ಅಳಿಸದೆ ಇಟ್ಟುಕೊಂಡದ್ದು ಈಗ ಕೆಲಸಕ್ಕೆ ಬರುತ್ತಿದೆ.

ಯಾರ ಬಳಿಯೇ ಕಲಿಯಲು ಕಳಿಸಿದರೂ ಡೆಮೊ ತರಗತಿಯಲ್ಲಿ ಮಗುವಿನಿಂದ ಒಂದು ಪ್ರಶ್ನೆ ಕೇಳಿಸಿ: ಮಾಡ್ಯುಲಸ್ ಎಕ್ಸ್‌ಗೆ (ಮೈನಸ್ ಚಿಹ್ನೆ ಬಿಟ್ಟ ಎಕ್ಸ್‌ನ ಬೆಲೆಗೆ) ಸೊನ್ನೆಯಲ್ಲಿ ಡೆರಿವೇಟಿವ್ ಏಕಿಲ್ಲ? ಕಲಿಸಬಲ್ಲವರು ಗ್ರಾಫ್ ಬರೆದು, ಎಡದಿಂದ ಬಂದರೆ ಇಳಿಜಾರು ಮೈನಸ್ 1, ಬಲದಿಂದ ಬಂದರೆ ಪ್ಲಸ್ 1, ಎರಡೂ ಕೂಡುವುದಿಲ್ಲ ಎಂದು ತೋರಿಸುತ್ತಾರೆ. ‘ಅದು ಹಾಗೇ, ನೆನಪಿಟ್ಟುಕೋ’ ಎನ್ನುವವರಿಗೆ ಒಟಿಪಿ ಕೊಡಬೇಡಿ. ಪಠ್ಯಪುಸ್ತಕದ ಪಿಡಿಎಫ್ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಬಿಡಿಸಿ ತೋರಿಸಿರುವ ಲೆಕ್ಕಗಳು, ನಾವು ಹಣ ಕೊಟ್ಟು ಪಡೆದ ಯಾವ ಉತ್ತರಕ್ಕಿಂತಲೂ ವಿವರವಾಗಿವೆ.